ರಕ್ತದಲ್ಲಿರುವ ಬೊಜ್ಜಿನ ಪ್ರೋಟೀನ್‌ಗಳನ್ನು ಯಂತ್ರ ತೂಗುವುದು ಹೇಗೆ?

ಪ್ರಶ್ನೆ: ಮಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ತಂಗಿಯ ಮಗಳು ರಜೆಗೆ ಬಂದಿದ್ದಳು. ಬೊಜ್ಜಿಗೆ ಸಂಬಂಧಪಟ್ಟ ಪ್ರೋಟೀನ್‌ಗಳನ್ನು ರಕ್ತದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಿಂದ ಅಳೆಯುತ್ತಾರೆ, ಅದು ಅಣುಗಳ ತೂಕ ನೋಡುವ ಯಂತ್ರ ಎಂದಳು. ಕಣ್ಣಿಗೇ ಕಾಣದ್ದನ್ನು ತೂಗುವುದು ಹೇಗೆ? ದಪ್ಪಗಿರುವವರ ರಕ್ತದ ಪ್ರೋಟೀನ್ ಹೆಚ್ಚು ತೂಕ ಇರುತ್ತದೆಯೇ? ನನ್ನ ರಿಪೋರ್ಟಿನಲ್ಲಿ ‘ಟೋಟಲ್ ಪ್ರೋಟೀನ್ 7.1’ ಎಂದು ಬರೆದಿದ್ದಾರೆ. ಅದೂ ಇದೂ ಒಂದೇನಾ? ಚಿಕ್ಕಮಗಳೂರಿನಲ್ಲಿ ಆ ಪರೀಕ್ಷೆ ಮಾಡಿಸಬಹುದೇ?
— ಓದುಗರು, ಕಳಸ

ಉತ್ತರ: ನಿಮ್ಮ ಒಂದು ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿವೆ. ದಪ್ಪಗಿರುವವರ ಪ್ರೋಟೀನ್ ಹೆಚ್ಚು ತೂಕವೇ ಎಂಬ ಎರಡನೆಯ ಸಂದೇಹ ಬಹಳ ಜನರಿಗೆ ಬರುವಂಥದ್ದು. ಅದು ಬಗೆಹರಿದರೆ ಇಡೀ ಯಂತ್ರದ ಕೆಲಸ ಅರ್ಥವಾದಂತೆಯೇ. ಅದಕ್ಕೆ ಸ್ವಲ್ಪ ಮುಂದೆ ಬರುತ್ತೇನೆ. ಮೊದಲು ನಿಮ್ಮ ಕೈಯಲ್ಲಿರುವ ರಿಪೋರ್ಟನ್ನೇ ನೋಡೋಣ.

7.1 ಎಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ತಿಳಿಯಲ್ಲಿ, ಪ್ರತಿ 100 ಮಿಲಿಲೀಟರಿಗೆ 7.1 ಗ್ರಾಂ ಪ್ರೋಟೀನ್ ಇದೆ ಎಂದರ್ಥ. ಆರಕ್ಕಿಂತ ಹೆಚ್ಚು, ಎಂಟೂಕಾಲಿನ ಒಳಗೆ ಇದ್ದರೆ ಸಾಮಾನ್ಯ. ಲ್ಯಾಬಿನವರು ತಾಮ್ರದ ಲವಣವಿರುವ ದ್ರಾವಣವನ್ನು ಆ ತಿಳಿಗೆ ಸೇರಿಸುತ್ತಾರೆ. ಪ್ರೋಟೀನ್ ಇದ್ದಷ್ಟೂ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಎಷ್ಟು ಗಾಢ ಎಂದು ನೋಡಿ ಲೆಕ್ಕ ಹಾಕುತ್ತಾರೆ. ಇದು ಎಲ್ಲ ಪ್ರೋಟೀನ್‌ಗಳನ್ನೂ ಒಟ್ಟಿಗೆ ಸೇರಿಸಿದ ಮೊತ್ತ. ಆ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಲ್ಬುಮಿನ್ ಎಂಬ ಒಂದೇ ಪ್ರೋಟೀನಿನದು. ಬೊಜ್ಜಿನ ಸುದ್ದಿ ಹೇಳುವ ಪ್ರೋಟೀನ್‌ಗಳು ಇದೇ ಮೊತ್ತದ ಒಳಗೆ ಇದ್ದರೂ ಅವುಗಳ ಪ್ರಮಾಣ ಎಷ್ಟು ಕಡಿಮೆ ಎಂದರೆ, ಅವು ಇಮ್ಮಡಿಯಾದರೂ ನಿಮ್ಮ 7.1 ಅಲುಗಾಡುವುದಿಲ್ಲ. ಹಾಗಾಗಿ ಅದೂ ಇದೂ ಒಂದೇ ಅಲ್ಲ. ಹಾಗೆಯೇ, ಮೊಟ್ಟೆ, ಬೇಳೆ, ಹಂದಿ ಮಾಂಸದ ಪ್ರೋಟೀನಿಗೂ ಇವಕ್ಕೂ ನೇರ ಸಂಬಂಧವಿಲ್ಲ. ತಿಂದ ಪ್ರೋಟೀನು ಹೊಟ್ಟೆ, ಕರುಳಿನಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ರಕ್ತದಲ್ಲಿ ಕಾಣುವವು ನಮ್ಮ ದೇಹವೇ ಹೊಸದಾಗಿ ಕಟ್ಟಿಕೊಂಡ ಪ್ರೋಟೀನ್‌ಗಳು.

ಬೊಜ್ಜಿಗೆ ಸಂಬಂಧಪಟ್ಟವು ಯಾವುವು? ಮೈಯ ಕೊಬ್ಬನ್ನು ಬಹಳ ಕಾಲ ಬರಿಯ ದಾಸ್ತಾನು ಎಂದೇ ತಿಳಿದಿದ್ದರು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಲೆಪ್ಟಿನ್ ಎಂಬ ಪ್ರೋಟೀನಿನ ಜೀನನ್ನು ಪತ್ತೆ ಮಾಡಿದ ಮೇಲೆ ಆ ತಿಳಿವಳಿಕೆ ಬದಲಾಯಿತು. ಲೆಪ್ಟಿನ್ ಅನ್ನು ಕೊಬ್ಬಿನ ಕೋಶಗಳೇ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಕೊಬ್ಬು ಎಷ್ಟಿದೆ ಎಂಬುದನ್ನು ಅದು ಮಿದುಳಿಗೆ ತಿಳಿಸುತ್ತದೆ. ಕೊಬ್ಬು ಹೆಚ್ಚಾದಂತೆ ರಕ್ತದಲ್ಲಿ ಅದೂ ಹೆಚ್ಚುತ್ತದೆ. ಅದೇ ಕೋಶಗಳು ತಯಾರಿಸುವ ಅಡಿಪೊನೆಕ್ಟಿನ್ ಎಂಬ ಇನ್ನೊಂದು ಪ್ರೋಟೀನು ಇದಕ್ಕೆ ತದ್ವಿರುದ್ಧ. ಬೊಜ್ಜು ಬೆಳೆದಂತೆ ಅದು ರಕ್ತದಲ್ಲಿ ಕಡಿಮೆಯಾಗುತ್ತದೆ. ಮೂರನೆಯದು ಸಿ-ರಿಯಾಕ್ಟಿವ್ ಪ್ರೋಟೀನ್. ಆಸ್ಪತ್ರೆಗಳಲ್ಲಿ ಸಿಆರ್‌ಪಿ ಎನ್ನುತ್ತಾರೆ, ನೀವೂ ಕೇಳಿರಬಹುದು. ಇದನ್ನು ಮುಖ್ಯವಾಗಿ ತಯಾರಿಸುವುದು ಯಕೃತ್ತು. ಕೊಬ್ಬಿನ ಕೋಶಗಳು ಉಬ್ಬಿದಾಗ ರೋಗನಿರೋಧಕ ಕೋಶಗಳು ಅವುಗಳ ಸುತ್ತ ಜಮಾಯಿಸುತ್ತವೆ. ಅಲ್ಲಿಂದ ಹೊರಟ ಸಂಕೇತ ಯಕೃತ್ತನ್ನು ಮುಟ್ಟುತ್ತದೆ, ಯಕೃತ್ತು ಸಿಆರ್‌ಪಿಯನ್ನು ಸ್ವಲ್ಪ ಹೆಚ್ಚಾಗಿ ತಯಾರಿಸತೊಡಗುತ್ತದೆ. ಗಾಯವಿಲ್ಲ, ಜ್ವರವಿಲ್ಲ, ಆದರೂ ಸಣ್ಣದೊಂದು ಉರಿಯೂತ ವರ್ಷಗಟ್ಟಲೆ ಒಳಗೇ ಇರುತ್ತದೆ. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಇದರ ನಂಟಿದೆ.

ತಕ್ಕಡಿ ಮೇಲೆ ನಿಂತರೆ ಬೊಜ್ಜು ತಿಳಿಯುವುದಿಲ್ಲವೇ, ರಕ್ತ ಯಾಕೆ ಎಂದು ನೀವು ಕೇಳಬಹುದು. ನಮ್ಮವರ ಮಟ್ಟಿಗೆ ತಕ್ಕಡಿಯ ಮಾತನ್ನು ಪೂರ್ತಿ ನಂಬುವಂತಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಕ್ಕಪಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ ಇಬ್ಬರಿಗೂ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಿಗೆ ಶೇ. 9.1, ಯಾಜ್ಞಿಕ್ ಅವರಿಗೆ ಶೇ. 21.2. ಮೈಸೂರಿನಲ್ಲೂ ಇದೇ ಸಂಗತಿ ಎಳೆಗೂಸುಗಳಲ್ಲಿ ಕಂಡಿತು. ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ವೈದ್ಯರು ಬಹು ವರ್ಷ ಹಿಂಬಾಲಿಸಿ ಅಳತೆ ತೆಗೆದುಕೊಂಡಿದ್ದಾರೆ. ಇಂಗ್ಲೆಂಡಿನ ಶಿಶುಗಳಿಗಿಂತ ನಮ್ಮವು ತೂಕದಲ್ಲಿ ಕಡಿಮೆ, ಕೈಕಾಲು ಸಣ್ಣ. ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬು ಮಾತ್ರ ಆ ಲೆಕ್ಕದಲ್ಲಿ ಕಡಿಮೆಯಾಗಿರಲಿಲ್ಲ. ನಾಲ್ಕು ವರ್ಷವಾದಾಗಲೂ ಮುಂಡಭಾಗದ ಆ ಕೊಬ್ಬು ಹಾಗೆಯೇ ಎದ್ದು ಕಾಣುತ್ತಿತ್ತು. ಇಡೀ ದಿನ ತೋಟದ ಏರುತಗ್ಗು ಹತ್ತಿಳಿಯುವ ತೆಳ್ಳನೆಯ ಮನುಷ್ಯನಿಗೂ ಹೊಟ್ಟೆಯೊಳಗೆ ಕೊಬ್ಬು ಇರಬಹುದು. ಕರ್ನಾಟಕದಲ್ಲಿ ಬಿಎಂಐ ಪ್ರಕಾರವೇ ಹತ್ತರಲ್ಲಿ ಮೂವರು ವಯಸ್ಕರಿಗೆ ಮೈತೂಕ ಹೆಚ್ಚು ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಬಿಎಂಐಗೆ ಕಾಣದವರು ಇದರ ಹೊರಗಿದ್ದಾರೆ. ಆದ್ದರಿಂದಲೇ ಕೊಬ್ಬು ಒಳಗೆ ಏನು ಮಾಡುತ್ತಿದೆ ಎಂಬುದನ್ನು ರಕ್ತದಲ್ಲಿ ಹುಡುಕುವ ಕೆಲಸ ನಮಗೆ ಬೇರೆಯವರಿಗಿಂತ ಹೆಚ್ಚು ಬೇಕಾಗಿದೆ ಎಂದು ನಾನು ನಂಬಿದ್ದೇನೆ.

ಹುಡುಕುವುದು ಸುಲಭವಲ್ಲ. ಒಂದು ಮಿಲಿಲೀಟರ್ ತಿಳಿಯಲ್ಲಿ ಆಲ್ಬುಮಿನ್ ಸುಮಾರು 40 ಮಿಲಿಗ್ರಾಂ ಇದ್ದರೆ, ಲೆಪ್ಟಿನ್ ಹತ್ತು ನ್ಯಾನೋಗ್ರಾಂ ಆಸುಪಾಸು. ಅಂದರೆ 40 ಲಕ್ಷಕ್ಕೆ ಒಂದು ಪಾಲು. ಸಿಆರ್‌ಪಿ ಇದಕ್ಕಿಂತ ಹೆಚ್ಚು ಇರುತ್ತದೆ. ಆದರೂ ಆಲ್ಬುಮಿನ್ನಿನ ಮುಂದೆ ಅದು 20 ಸಾವಿರದಲ್ಲಿ ಒಂದು ಪಾಲಿನಷ್ಟೇ.

ಈಗ ಯಂತ್ರಕ್ಕೆ ಬರೋಣ. ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿಗೆ ತೆಗೆದುಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಪುಡಿ ಅದರೊಳಗೆ ಮೊದಲೇ ಇರುತ್ತದೆ. ಟ್ಯೂಬನ್ನು ವೇಗವಾಗಿ ತಿರುಗಿಸಿದಾಗ ಕಣಗಳು ತಳಕ್ಕೆ ಕೂತು ಮೇಲೆ ತೆಳು ಹಳದಿಯ ಪ್ಲಾಸ್ಮಾ ನಿಲ್ಲುತ್ತದೆ. ಅದನ್ನು ಸೊನ್ನೆಗಿಂತ 80 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಇಡುತ್ತಾರೆ. ಪರೀಕ್ಷೆಗೆ ಬೇಕಾಗುವುದು ಒಂದೆರಡು ಮೈಕ್ರೋಲೀಟರ್ ಮಾತ್ರ. ಒಂದು ಹನಿಯಲ್ಲಿ ಅಂಥವು ಐವತ್ತರಷ್ಟು ಇರುತ್ತವೆ.

ಇಡೀ ಪ್ರೋಟೀನನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಕೆಲಸ ಕಷ್ಟ. ಹಾಗಾಗಿ ಮೊದಲು ಅದನ್ನು ಬಿಡಿಸಿ, ಟ್ರಿಪ್ಸಿನ್ ಎಂಬ ಕಿಣ್ವ ಸೇರಿಸಿ, ಮೈಬಿಸಿಯಷ್ಟು ಶಾಖದಲ್ಲಿ ರಾತ್ರಿಯಿಡೀ ಬಿಡುತ್ತಾರೆ. ನಮ್ಮ ಮೇದೋಜೀರಕ ಗ್ರಂಥಿಯೂ ಇದೇ ಕಿಣ್ವವನ್ನು ತಯಾರಿಸುತ್ತದೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಉದ್ದದ ಸರಪಳಿ ಎಂದು ಶಾಲೆಯಲ್ಲಿ ಓದಿರುತ್ತೀರಿ. ಟ್ರಿಪ್ಸಿನ್ ಆ ಸರಪಳಿಯನ್ನು ಎಲ್ಲೆಂದರಲ್ಲಿ ಕತ್ತರಿಸುವುದಿಲ್ಲ. ಲೈಸೀನ್ ಅಥವಾ ಆರ್ಜಿನೀನ್ ಬಂದ ಕೂಡಲೇ ಅದರ ಮುಂದೆ ಕತ್ತರಿಸುತ್ತದೆ. ಈ ನಿಯಮ ಗಟ್ಟಿಯಾಗಿರುವುದರಿಂದ ಯಾವ ಪ್ರೋಟೀನಿನಿಂದ ಯಾವ ಯಾವ ತುಂಡು ಬರಬೇಕು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದಿಡಬಹುದು. ಈ ತುಂಡುಗಳಿಗೆ ಪೆಪ್ಟೈಡ್ ಎನ್ನುತ್ತಾರೆ.

ಒಂದು ತುಂಡನ್ನು ಹತ್ತಿರದಿಂದ ನೋಡೋಣ. ಸಿಆರ್‌ಪಿಯ ಸರಪಳಿಯಲ್ಲಿ 206 ಅಮೈನೋ ಆಮ್ಲಗಳಿವೆ. ಟ್ರಿಪ್ಸಿನ್ ಕತ್ತರಿಸಿದಾಗ ಅದರಿಂದ ಹತ್ತು ಕೊಂಡಿಗಳ ಒಂದು ತುಂಡು ಹೊರಬರುತ್ತದೆ: ಗ್ಲುಟಾಮಿಕ್ ಆಮ್ಲ, ಸೆರೀನ್, ಆಸ್ಪಾರ್ಟಿಕ್ ಆಮ್ಲ, ಥ್ರಿಯೊನೀನ್, ಮತ್ತೆ ಸೆರೀನ್, ಟೈರೋಸೀನ್, ವ್ಯಾಲೀನ್, ಮತ್ತೊಮ್ಮೆ ಸೆರೀನ್, ಲ್ಯೂಸೀನ್, ಕೊನೆಗೆ ಲೈಸೀನ್. ಒಂದೊಂದರ ತೂಕವೂ, ವಿಜ್ಞಾನದ ಭಾಷೆಯಲ್ಲಿ ರಾಶಿಯೂ, ರಸಾಯನಶಾಸ್ತ್ರದವರಿಗೆ ಗೊತ್ತು. ಎಲ್ಲ ಕೂಡಿಸಿ, ತುದಿಗಳಿಗೆ ಸೇರುವ ಒಂದು ನೀರಿನ ಅಣುವಿನ ಲೆಕ್ಕವನ್ನೂ ಹಾಕಿದರೆ 1127.5 ಬರುತ್ತದೆ. ಒಂದು ಹೈಡ್ರೋಜನ್ ಪರಮಾಣುವನ್ನು ಸುಮಾರು 1 ಎಂದು ಇಟ್ಟುಕೊಂಡ ಲೆಕ್ಕ ಇದು.

ತಕ್ಕಡಿಯ ತಟ್ಟೆಗೆ ಇಡಲಾಗದ ಇಂಥ ತುಂಡನ್ನು ತೂಗಲು ವಿದ್ಯುತ್ತಿನ ಸಹಾಯ ಬೇಕು. ಪೆಪ್ಟೈಡ್‌ಗಳ ದ್ರಾವಣವನ್ನು ಮೊದಲು ಕೂದಲೆಳೆಯಷ್ಟು ಸಣ್ಣ ಕೊಳವೆಯಲ್ಲಿ ಹಾಯಿಸುತ್ತಾರೆ. ಒಳಗಿನ ಪದಾರ್ಥಕ್ಕೆ ಕಡಿಮೆ ಅಂಟಿಕೊಳ್ಳುವವು ಬೇಗ, ಹೆಚ್ಚು ಅಂಟಿಕೊಳ್ಳುವವು ತಡವಾಗಿ ಹೊರಬರುತ್ತವೆ. ಹೀಗೆ ಸಾವಿರಾರು ತುಂಡುಗಳು ಒಮ್ಮೆಲೇ ನುಗ್ಗದೆ ಸರದಿಯಲ್ಲಿ ಬರುತ್ತವೆ. ಕೊಳವೆಯ ತುದಿಯಲ್ಲಿ ಒಂದು ಸೂಜಿ, ಅದಕ್ಕೆ ಸಾವಿರಗಟ್ಟಲೆ ವೋಲ್ಟ್. ದ್ರಾವಣ ಅಲ್ಲಿ ತುಂತುರಾಗಿ ಚಿಮ್ಮುತ್ತದೆ. ಹನಿಗಳು ಆರಿಹೋಗಿ ವಿದ್ಯುದಾವೇಶ ಹೊತ್ತ ಪೆಪ್ಟೈಡ್‌ಗಳು ಬರಿಯ ಅಣುಗಳಾಗಿ ಉಳಿಯುತ್ತವೆ. ಬಿಸಿ ಮಾಡಿ ಆವಿಯಾಗಿಸಲು ಹೋದರೆ ಇಷ್ಟು ದೊಡ್ಡ ಅಣುಗಳು ಒಡೆದು ಚೂರಾಗುತ್ತಿದ್ದವು. ಚೂರಾಗದಂತೆ ಗಾಳಿಗೆ ಎತ್ತುವ ಎರಡು ಬೇರೆ ಬೇರೆ ದಾರಿಗಳನ್ನು ತೋರಿಸಿದ್ದಕ್ಕಾಗಿ ಅಮೆರಿಕದ ಜಾನ್ ಫೆನ್ ಮತ್ತು ಜಪಾನಿನ ಕೊಯಿಚಿ ತನಾಕ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ತುಂತುರಿನ ದಾರಿ ಫೆನ್ ಅವರದು.

ಆಮೇಲೆ ಆ ಅಣುಗಳನ್ನು ನಿರ್ವಾತದೊಳಗೆ ಎಳೆದು ವಿದ್ಯುತ್ ಕ್ಷೇತ್ರದಲ್ಲಿ ಓಡಿಸುತ್ತಾರೆ. ಒಂದೇ ವಿದ್ಯುದಾವೇಶವಿದ್ದರೆ ಹಗುರವಾದದ್ದು ಸುಲಭವಾಗಿ ವೇಗ ಪಡೆಯುತ್ತದೆ, ಭಾರದ್ದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಯಂತ್ರ ಓದುವುದು ರಾಶಿಯನ್ನು ವಿದ್ಯುದಾವೇಶದಿಂದ ಭಾಗಿಸಿದ ಅಂಕಿಯನ್ನು. ನಮ್ಮ ಸಿಆರ್‌ಪಿ ತುಂಡು ಸಾಮಾನ್ಯವಾಗಿ ಎರಡು ಪ್ರೋಟಾನ್‌ಗಳನ್ನು, ಅಂದರೆ ಎರಡು ವಿದ್ಯುದಾವೇಶಗಳನ್ನು, ಹೊತ್ತು ಬರುತ್ತದೆ. 1127.5ಕ್ಕೆ ಎರಡು ಪ್ರೋಟಾನ್‌ಗಳ ರಾಶಿ ಸೇರಿಸಿ ಎರಡರಿಂದ ಭಾಗಿಸಿದರೆ ಸುಮಾರು 564.8. ಪರದೆಯ ಮೇಲೆ ಆ ಜಾಗದಲ್ಲಿ ಒಂದು ಗೆರೆ ಏಳುತ್ತದೆ. ಅದೇ ರಾಶಿಯ ಬೇರೊಂದು ತುಂಡೂ ಇರಬಹುದಲ್ಲ? ಅದಕ್ಕಾಗಿ 564.8ರಲ್ಲಿ ಬಂದದ್ದನ್ನು ಮಾತ್ರ ಆರಿಸಿ, ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಇನ್ನೂ ಒಡೆದು, ಚೂರುಗಳ ರಾಶಿಯನ್ನೂ ಓದುತ್ತಾರೆ. ಚೂರುಗಳಿಂದ ಕೊಂಡಿಗಳ ಕ್ರಮ ತಿಳಿಯುತ್ತದೆ. ಕ್ರಮ ಹೊಂದಿದರೆ ಅದು ಸಿಆರ್‌ಪಿಯೇ.

ಈಗ ನಿಮ್ಮ ಎರಡನೆಯ ಸಂದೇಹಕ್ಕೆ ಬಂದೆವು. ತೆಳ್ಳಗಿನವರ ಸಿಆರ್‌ಪಿ ತುಂಡೂ 1127.5, ದಪ್ಪಗಿರುವವರದೂ 1127.5. ಬೊಜ್ಜಿನಿಂದ ಪ್ರೋಟೀನ್ ಭಾರವಾಗುವುದಿಲ್ಲ. ರಾಶಿ ಹೇಳುವುದು ಇದು ಯಾವ ಪ್ರೋಟೀನ್ ಎಂಬುದನ್ನು ಮಾತ್ರ. ಎಷ್ಟಿದೆ ಎಂಬುದಕ್ಕೆ ಬೇರೆ ಉಪಾಯ ಬೇಕು. ತೂಗುವ ಯಂತ್ರ ಎಂದ ಕೂಡಲೇ ಸಂಜೆ ಕಣದಲ್ಲಿ ಕೊಯ್ಲಿನವರ ಚೀಲ ತೂಗಿ ಇಷ್ಟು ಕಿಲೋ ಎಂದು ಬರೆದುಕೊಳ್ಳುವುದು ನಮ್ಮ ಮನಸ್ಸಿಗೆ ಬರುತ್ತದೆ. ಅದಕ್ಕೇ ಈ ಗೊಂದಲ.

ಗೆರೆ ಎತ್ತರವಾಗಿದ್ದರೆ ಹೆಚ್ಚು, ಗಿಡ್ಡವಾಗಿದ್ದರೆ ಕಡಿಮೆ ಎನ್ನಬಾರದೇ? ಒಂದು ಮಟ್ಟಿಗೆ ಹೌದು. ಆದರೆ ಎಲ್ಲ ಪೆಪ್ಟೈಡ್‌ಗಳೂ ಒಂದೇ ಸಮನಾಗಿ ವಿದ್ಯುದಾವೇಶ ಪಡೆಯುವುದಿಲ್ಲ. ಜೊತೆಗೆ ಹಾರಿಬಂದ ಬೇರೆ ತುಂಡುಗಳು ಒಂದನ್ನು ಅಡಗಿಸಿಬಿಡಬಹುದು. ಬೆಳಗ್ಗೆ ಓಡಿಸಿದ ಯಂತ್ರ ಸಂಜೆಗೆ ತುಸು ಮಂದವಾಗಬಹುದು. ಇದಕ್ಕೆ ಕಂಡುಕೊಂಡ ಉಪಾಯವನ್ನು ಕಾಫಿ ಕಣದಲ್ಲೇ ವಿವರಿಸುತ್ತೇನೆ. ಕಣದಲ್ಲಿ ಒಣಗಿದ ಬೀಜದ ರಾಶಿ ಇದೆ, ಎಷ್ಟು ಬೀಜ ಎಂದು ಎಣಿಸಲಾಗದು. 1,000 ಬೀಜಗಳಿಗೆ ಕೆಂಪು ಬಣ್ಣ ಹಚ್ಚಿ ರಾಶಿಗೆ ಸೇರಿಸಿ ಚೆನ್ನಾಗಿ ಕಲಸಿ. ಒಂದು ಹಿಡಿ ತೆಗೆದು ನೋಡಿದರೆ ಕೆಂಪು 4, ಮಾಮೂಲಿ 200 ಇವೆ ಎನ್ನಿ. ಒಂದು ಕೆಂಪಿಗೆ 50 ಮಾಮೂಲಿ. ಹಾಗಾದರೆ ರಾಶಿಯಲ್ಲಿ ಮಾಮೂಲಿ ಬೀಜ ಸುಮಾರು 50,000. ಹಿಡಿ ದೊಡ್ಡದೋ ಚಿಕ್ಕದೋ, ದಾರಿಯಲ್ಲಿ ಕೆಲವು ಬೀಜ ಉದುರಿಹೋದವೋ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಉದುರಿದರೆ ಎರಡೂ ಬಗೆಯವು ಅದೇ ಪ್ರಮಾಣದಲ್ಲಿ ಉದುರುತ್ತವೆ.

ಪ್ರಯೋಗಾಲಯದಲ್ಲಿ ಕೆಂಪು ಬೀಜದ ಕೆಲಸ ಮಾಡುವುದು ಭಾರದ ಅವಳಿ ಪೆಪ್ಟೈಡ್. ಅದೇ ಹತ್ತು ಕೊಂಡಿಗಳು, ಅದೇ ಕ್ರಮ. ಕೊನೆಯ ಲೈಸೀನಿನಲ್ಲಿ ಮಾತ್ರ ಮಾಮೂಲಿ ಇಂಗಾಲದ ಬದಲು ಒಂದು ನ್ಯೂಟ್ರಾನ್ ಹೆಚ್ಚಿರುವ ಇಂಗಾಲ-13, ಮಾಮೂಲಿ ಸಾರಜನಕದ ಬದಲು ಸಾರಜನಕ-15 ಇರುತ್ತದೆ. ಲೈಸೀನಿನಲ್ಲಿ ಆರು ಇಂಗಾಲ, ಎರಡು ಸಾರಜನಕ, ಒಟ್ಟು ಎಂಟು. ಹಾಗಾಗಿ ಅವಳಿಯ ರಾಶಿ ಎಂಟು ಹೆಚ್ಚು. ಇವು ವಿಕಿರಣ ಸೂಸುವ ಬಗೆಯವಲ್ಲ, ಅಪಾಯವಿಲ್ಲ. ರಾಸಾಯನಿಕವಾಗಿ ಎರಡೂ ಒಂದೇ ಆದ್ದರಿಂದ ಕೊಳವೆಯಿಂದ ಒಟ್ಟಿಗೇ ಹೊರಬರುತ್ತವೆ, ಒಂದೇ ಬಗೆಯಲ್ಲಿ ವಿದ್ಯುದಾವೇಶ ಪಡೆಯುತ್ತವೆ. ಯಂತ್ರಕ್ಕೆ ಮಾತ್ರ ಬೇರೆಬೇರೆಯಾಗಿ ಕಾಣುತ್ತವೆ. ಮಾಮೂಲಿಯದು 564.8ರಲ್ಲಿ, ಅವಳಿ 568.8ರಲ್ಲಿ. ಎಂಟು ಹೆಚ್ಚಿದ್ದರೂ ನಾಲ್ಕೇ ಅಂತರ ಏಕೆಂದರೆ ಎರಡು ವಿದ್ಯುದಾವೇಶದಿಂದ ಭಾಗಿಸಿದ್ದೇವೆ. ಅವಳಿಯನ್ನು ಎಷ್ಟು ಹಾಕಿದ್ದೇವೆ ಎಂಬುದು ಗೊತ್ತು. ಮಾಮೂಲಿಯ ಗೆರೆ ಅವಳಿಯ ಗೆರೆಯ ಮೂರರಷ್ಟಿದ್ದರೆ ರಕ್ತದಲ್ಲಿ ಅದರ ಮೂರರಷ್ಟು ಇತ್ತು. ನಿಮ್ಮ ಮೊದಲ ಪ್ರಶ್ನೆಗೂ ಇದೇ ಉತ್ತರ: ತೂಕದಿಂದ ಗುರುತು, ಅವಳಿಯ ಹೋಲಿಕೆಯಿಂದ ಪ್ರಮಾಣ.

ಇಷ್ಟು ಶ್ರಮ ಯಾಕೆ, ಆಸ್ಪತ್ರೆಯ ಲ್ಯಾಬಿನಲ್ಲಿ ಸಿಆರ್‌ಪಿ ನೋಡುತ್ತಾರಲ್ಲ ಎಂದರೆ ಆ ಮಾತೂ ಸರಿ. ಅಲ್ಲಿ ಬಳಸುವುದು ಆ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು. ಅಗ್ಗ, ಬೇಗ ಆಗುತ್ತದೆ. ಲೆಪ್ಟಿನ್ನಿನಷ್ಟು ಅಪರೂಪದ್ದನ್ನು ಹಿಡಿಯಲು ಇವತ್ತಿಗೂ ಪ್ರತಿಕಾಯವೇ ಮೇಲು. ಆದರೆ ಪ್ರತಿಕಾಯದಿಂದ ನೋಡಬೇಕಾದರೆ ಏನು ಹುಡುಕುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರಬೇಕು. ಮಾಸ್ ಸ್ಪೆಕ್ಟ್ರೋಮೀಟರ್ ಒಂದೇ ಸಲಕ್ಕೆ ನೂರಾರು ಪ್ರೋಟೀನ್‌ಗಳನ್ನು ಓದುತ್ತದೆ, ಯಾರೂ ಎಣಿಸಿರದವು ಅದರಲ್ಲಿ ಸಿಗುತ್ತವೆ. 2016ರಲ್ಲಿ ಜರ್ಮನಿಯ ಮಥಿಯಾಸ್ ಮನ್ ಅವರ ಗುಂಪು ಬೊಜ್ಜಿದ್ದ 43 ಜನರ ಮೇಲೆ ನಡೆಸಿದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಅವರೆಲ್ಲ ಎಂಟು ವಾರಗಳಲ್ಲಿ ಮೈತೂಕದ ಶೇ. 12ರಷ್ಟು ಇಳಿಸಿ, ಮುಂದೆ ಒಂದು ವರ್ಷ ಅದನ್ನು ಕಾಪಾಡಿಕೊಳ್ಳುವ ಕ್ರಮದಲ್ಲಿದ್ದರು. ಆ ಅವಧಿಯುದ್ದಕ್ಕೂ ಅವರ ರಕ್ತ ನೋಡಿದಾಗ 93 ಪ್ರೋಟೀನ್‌ಗಳು ಖಚಿತವಾಗಿ ಬದಲಾಗಿದ್ದವು. ಉರಿಯೂತದ ಗುರುತುಗಳು ಬಹುತೇಕ ಎಲ್ಲರಲ್ಲೂ ಇಳಿದಿದ್ದವು. ನನಗೆ ಮುಖ್ಯವಾಗಿ ಕಂಡದ್ದು ಬೇರೆ ಒಂದು ಅಂಶ. ಒಬ್ಬೊಬ್ಬರ ರಕ್ತಕ್ಕೂ ತನ್ನದೇ ಮಟ್ಟಗಳಿದ್ದವು, ಬದಲಾವಣೆಗಳು ಚಿಕ್ಕವು. ಕೊಬ್ಬಿನ ಕೋಶ ಬಿಡುವ ಒಂದು ಪ್ರೋಟೀನು ಶೇ. 16 ಇಳಿದಿತ್ತು, ಅಷ್ಟೇ. ನನ್ನ ಅಂಕಿಯನ್ನು ಪಕ್ಕದ ಮನೆಯವರ ಅಂಕಿಯ ಜೊತೆ ಹೋಲಿಸಿದರೆ ಇಂಥ ಇಳಿಕೆ ಕಣ್ಣಿಗೆ ಬೀಳದು. ನನ್ನ ಹಿಂದಿನ ಅಂಕಿಯ ಜೊತೆಗೇ ಹೋಲಿಸಬೇಕು, ಅಳತೆಯೂ ಅಷ್ಟು ನಿಖರವಾಗಿರಬೇಕು.

ನಮ್ಮ ರಾಜ್ಯದವರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯವರು ಆಗ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ಅಖಿಲೇಶ್ ಪಾಂಡೆ ಅವರ ಜೊತೆ ಸೇರಿ, ಮನುಷ್ಯನ ದೇಹದ 30 ಬಗೆಯ ಅಂಗಾಂಶ, ಕೋಶಗಳನ್ನು ಇದೇ ಯಂತ್ರದಿಂದ ಓದಿದರು. 17,294 ಜೀನುಗಳಿಂದ ಬರುವ ಪ್ರೋಟೀನ್‌ಗಳ ಕರಡು ನಕ್ಷೆ 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತದ ತಿಳಿಯಲ್ಲಿ ಕಂಡ ಪ್ರೋಟೀನ್‌ಗಳ ದೊಡ್ಡ ಪಟ್ಟಿಯನ್ನು ಸಿದ್ಧಪಡಿಸಿದ್ದೂ ಅದೇ ಸಂಸ್ಥೆ. 2014ರ ಹೊತ್ತಿಗೆ ಅದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿದ್ದವು. ನಿಮ್ಮ ಊರಿನಿಂದ ಘಟ್ಟ ಇಳಿದರೆ ಸಿಗುವ ಮಂಗಳೂರಿನ ದೇರಳಕಟ್ಟೆಯಲ್ಲಿ, ಯೆನೆಪೋಯ ವಿಶ್ವವಿದ್ಯಾಲಯದಲ್ಲೂ ಪ್ರೋಟೀನ್‌ಗಳ ಮೇಲೆ ಇಂಥ ಸಂಶೋಧನೆ ನಡೆಯುತ್ತಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಭಾರಜಲ ಬೆರೆಸಿದ ನೀರನ್ನು ಅಳತೆ ಮಾಡಿ ಕುಡಿಸಿ, ಅದು ಮೈಯ ನೀರಿನಲ್ಲಿ ಎಷ್ಟು ತೆಳುವಾಯಿತು ಎಂಬುದರಿಂದ ದೇಹದ ಕೊಬ್ಬನ್ನು ಲೆಕ್ಕ ಹಾಕುತ್ತಾರೆ. ಅಲ್ಲಿಯೂ ಕೆಂಪು ಬೀಜದ ಉಪಾಯವೇ.

ಕೊನೆಯ ಪ್ರಶ್ನೆ, ಚಿಕ್ಕಮಗಳೂರಿನಲ್ಲಿ ಮಾಡಿಸಬಹುದೇ ಎಂಬುದು. ಬೊಜ್ಜಿನ ಪ್ರೋಟೀನ್‌ಗಳಿಗಾಗಿ ಈ ಯಂತ್ರದ ಪರೀಕ್ಷೆ ಸದ್ಯಕ್ಕೆ ಸಂಶೋಧನೆಯ ಕೆಲಸ. ವೈದ್ಯರು ಬರೆದುಕೊಡುವ ಪರೀಕ್ಷೆಗಳ ಸಾಲಿಗೆ ಅದು ಇನ್ನೂ ಬಂದಿಲ್ಲ. ಅಷ್ಟೊಂದು ಅಂಕಿ ಕೈಗೆ ಬಂದರೂ ಅದನ್ನು ಇಟ್ಟುಕೊಂಡು ನಿಮಗೆ ಯಾವ ಔಷಧಿ ಕೊಡಬೇಕು ಎಂದು ಹೇಳುವ ಸ್ಥಿತಿ ಈಗಿಲ್ಲ. ಆದ್ದರಿಂದ ಅದಕ್ಕಾಗಿ ಹಣ ಖರ್ಚು ಮಾಡಲು ಹೋಗಬೇಡಿ ಎಂಬುದು ನನ್ನ ಸಲಹೆ. ಮನೆಯಲ್ಲಿರುವ ದರ್ಜಿಯ ಟೇಪು ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ ಟೇಪು ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಅಳೆಯಿರಿ. ನಮ್ಮವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಕೊಬ್ಬು ಹೆಚ್ಚಾಗಿದೆ ಎಂದು ಲೆಕ್ಕ. ಅದರ ಜೊತೆಗೆ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಮತ್ತು ಕೊಬ್ಬಿನಂಶದ ಪರೀಕ್ಷೆ, ಬಿ.ಪಿ. ನೋಡಿಸಿದರೆ ವೈದ್ಯರಿಗೆ ಬೇಕಾದಷ್ಟು ತಿಳಿಯುತ್ತದೆ. ಖಾಲಿ ಹೊಟ್ಟೆ ಎಂದರೆ ಬೆಳಗಿನ ಹಾಲಿನ ಕಾಫಿಯೂ ಇಲ್ಲ. ನಮ್ಮ ಕಡೆಯವರು ಅದನ್ನು ಆಹಾರವೆಂದು ಎಣಿಸುವುದಿಲ್ಲ, ಹಾಗಾಗಿ ಹೇಳಬೇಕಾಯಿತು.

ವೈದ್ಯರು ಹೈ-ಸೆನ್ಸಿಟಿವಿಟಿ ಸಿಆರ್‌ಪಿ ಮಾಡಿಸಿ ಎಂದು ಬರೆದುಕೊಟ್ಟರೆ ಮಾಡಿಸಿ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 3ಕ್ಕಿಂತ ಹೆಚ್ಚಿದ್ದರೆ ಗಮನ ಕೊಡಬೇಕು. 10 ದಾಟಿದರೆ ಬೊಜ್ಜಿಗಿಂತ ಬೇರೆ ಯಾವುದೋ ಸೋಂಕು ಇರುವ ಸಂಭವ ಹೆಚ್ಚು. ಜ್ವರ, ಹಲ್ಲುನೋವು ಇದ್ದಾಗ, ಅಥವಾ ಕೊಯ್ಲಿನ ಹೊತ್ತಿನಲ್ಲಿ ಕೈಗೆ ಮುಳ್ಳು ಚುಚ್ಚಿ ಕೀವಾಗಿದ್ದಾಗ ಈ ಪರೀಕ್ಷೆ ಮಾಡಿಸಿದರೆ ಅಂಕಿ ಮೇಲೇರಿ ಸುಮ್ಮನೆ ಗಾಬರಿಯಾಗುತ್ತದೆ. ಅಂಥದ್ದೇನಾದರೂ ಇದ್ದರೆ ವಾಸಿಯಾಗಲಿ, ಎರಡು ವಾರ ಬಿಟ್ಟು ರಕ್ತ ಕೊಡಿ.